ನಿಂಗಮ್ಮ ಹೂಂ ಅಂದ ಹಾಳೆ

ಅವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಮದ್ದೂರು ಸ್ಟೇಷನ್ನು. ಎತ್ತರದ, ಒಣಕಲು ಮೈಯ ಮನುಷ್ಯ. ಕತ್ತಿನವರೆಗೂ ಗುಂಡಿ ಹಾಕಿದ ಕರಿ ಕೋಟು, ತಲೆಗೆ ಜರಿ ಮಾಸಿದ ರುಮಾಲು. ಒಂದು ಕೈಯಲ್ಲಿ ಅರ್ಧ ತಿಂದ ವಡೆ, ಇನ್ನೊಂದು ಕೈಯಲ್ಲಿ ಅದನ್ನು ಕಟ್ಟಿಕೊಟ್ಟಿದ್ದ ಕಾಗದ. ಮೈಸೂರು ಗಾಡಿ ಬಂದು ನಿಂತು, ಕೂಗಿ, ಹೊರಟೇ ಹೋಯಿತು. ಅವರು ಹತ್ತಲಿಲ್ಲ. ಆ ಕಾಗದ ಅವರೇ ಬರೆದು, ತಿದ್ದಿ, ಅಚ್ಚು ಹಾಕಿಸಿ, ಹಿಂದಿನ ವಾರವಷ್ಟೇ ಊರೂರಿಗೆ ಕಳಿಸಿದ್ದ ನಮ್ಮ ಸಂಘದ ಹಾಳೆಯಾಗಿತ್ತು.

"ನೋಡಯ್ಯ," ಎಂದು ನನ್ನ ಮುಂದೆ ಹಿಡಿದರು. "ನಮ್ಮ ಸಂಪಾದಕೀಯಕ್ಕೆ ಎಣ್ಣೆ ಎಷ್ಟು ಚೆನ್ನಾಗಿ ಹಿಡಿದಿದೆ."

ನಾನು ನಕ್ಕೆ. ಅವರು ನಗಲಿಲ್ಲ. ವಡೆಯನ್ನು ನನ್ನ ಕೈಗೆ ಕೊಟ್ಟು, ಕಾಗದವನ್ನು ಮಡಿಸಿ ಕೋಟಿನ ಜೇಬಿಗೆ ಹಾಕಿಕೊಂಡು, ಮುಂದಿನ ಗಾಡಿಗೆ ಕಾಯುತ್ತಾ ಬೆಂಚಿನ ಮೇಲೆ ಕೂತರು. ಜೇಬಿನ ಮೇಲೆ ಎಣ್ಣೆಯ ಕಲೆ ಮೂಡಿತು. ಆ ಕಲೆ ಆ ಕೋಟು ಹರಿಯುವವರೆಗೂ ಇತ್ತು.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಮದ್ದೂರಿನಲ್ಲಿ ಆಗ ರೈತರದೊಂದು ಸಣ್ಣ ಸಹಕಾರ ಸಂಘವಿತ್ತು. ಬಿತ್ತನೆ ಬೀಜ, ಗೊಬ್ಬರ, ಕಬ್ಬು ಕಡಿಯುವ ಸರದಿ, ನಾಲೆ ನೀರಿನ ತಕರಾರು, ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಅವರು ಅದರ ಕಾರ್ಯದರ್ಶಿ. ಮಳವಳ್ಳಿ ಕಡೆಯವರು. ಮೈಸೂರಿನಲ್ಲಿ ಬಿ.ಎ. ಮಾಡಿ, ಕೆಲವು ವರ್ಷ ಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ, ಆಮೇಲೆ ಇಲ್ಲಿಗೆ ಬಂದವರು. ನಾನು ಕೊತ್ತತ್ತಿಯ ಬೇಸಾಯಗಾರರ ಮನೆಯವನು. ಗುಮಾಸ್ತನಾಗಿ ಸೇರಿದ್ದೆ. ಸಂಘದ ಸುದ್ದಿಯನ್ನು ಸದಸ್ಯರಿಗೆ ಮುಟ್ಟಿಸಲು ಹದಿನೈದು ದಿನಕ್ಕೊಂದು ಹಾಳೆ ಹೊರಡಿಸುತ್ತಿದ್ದೆವು. ಅದಕ್ಕೊಂದು ಉದ್ದನೆಯ ಸಂಸ್ಕೃತದ ಹೆಸರಿತ್ತು. ಅದನ್ನು ಒಂದೇ ಉಸಿರಿಗೆ ಹೇಳಬಲ್ಲವರು ಇಡೀ ತಾಲ್ಲೂಕಿನಲ್ಲಿ ಅವರೊಬ್ಬರೇ. ಮಿಕ್ಕವರಿಗೆಲ್ಲ ಅದು 'ಹಾಳೆ', ಅಷ್ಟೆ.

ಆ ಕಾಲದಲ್ಲಿ ಅವರು ಬರೆಯುತ್ತಿದ್ದ ಕನ್ನಡ ಓದಿದರೆ ಮೈ ಜುಮ್ಮೆನ್ನುತ್ತಿತ್ತು. ಸಮಾಸದ ಮೇಲೆ ಸಮಾಸ. 'ನಾಲೆ' ಎಂಬ ಮಾತನ್ನು ಅವರು ಒಮ್ಮೆಯೂ ಬರೆದವರಲ್ಲ, ಅವರಿಗೆ ಅದು 'ಕುಲ್ಯೆ'. ಮನೆಯಲ್ಲಿ ಹೆಂಡತಿಯ ಹತ್ತಿರ ಉಪ್ಪು ಕೇಳುವಾಗಲೂ ಮಹಾಪ್ರಾಣ ತಪ್ಪುತ್ತಿರಲಿಲ್ಲ ಎಂದು ಆಫೀಸಿನಲ್ಲಿ ನಾವು ಆಡಿಕೊಳ್ಳುತ್ತಿದ್ದೆವು. ಮೊದಲ ಪುಟದಲ್ಲಿ ಅಧ್ಯಕ್ಷರ ಭಾಷಣ, ಅದರ ಕೆಳಗೆ ಸಂಪಾದಕೀಯ, ಅದರ ಕೆಳಗೆ ಅವರ ಹೆಸರು, ಹೆಸರಿನ ಮುಂದೆ ಬಿ.ಎ. ರೈತರಿಗೆ ನಿಜವಾಗಿ ಬೇಕಾದದ್ದು ಹಿಂದಿನ ಪುಟದ ಬುಡದಲ್ಲಿ, ಸಣ್ಣ ಅಚ್ಚುಮೊಳೆಗಳಲ್ಲಿ ಇರುತ್ತಿತ್ತು.

ವಡೆಯ ಪ್ರಸಂಗ ಅವರನ್ನು ಬಹಳ ನೋಯಿಸಿತು. ಹಾಳೆಯನ್ನು ಜನ ಹರಿಯದ ಹಾಗೆ ಮಾಡುವುದು ಹೇಗೆ ಎಂದು ತಲೆ ಕೆಡಿಸಿಕೊಂಡರು. ನಮ್ಮ ಅಚ್ಚಿನ ಕೆಲಸ ನಡೆಯುತ್ತಿದ್ದದ್ದು ಪೇಟೆಬೀದಿಯ ಇಮಾಂ ಸಾಬರ ಪ್ರೆಸ್ಸಿನಲ್ಲಿ. ಸಾಬರ ಹತ್ತಿರ ಲಗ್ನಪತ್ರಿಕೆಗೆಂದು ಇಟ್ಟುಕೊಂಡಿದ್ದ ಒಂದು ಲಕ್ಷ್ಮಿಯ ಬ್ಲಾಕಿತ್ತು. ಎರಡು ಕಡೆ ಆನೆ, ನಡುವೆ ಕಮಲದ ಮೇಲೆ ದೇವಿ.

"ಸ್ವಾಮಿ, ಈ ಪಟ ಹಾಕಿರೋ ಕಾಗದಾನ ನಮ್ ಜನ ಯಾರೂ ಹರಿಯೋದಿಲ್ಲ," ಎಂದರು ಸಾಬರು. "ಮದುವೆ ಆಗಿ ಮಕ್ಕಳು ಹುಟ್ಟಿದ್ರೂ ಲಗ್ನಪತ್ರಿಕೆ ಗೋಡೆ ಮೇಲೆ ಇರ್ತದೆ."

ಅವರಿಗೆ ಆ ಮಾತು ಹಿಡಿಸಿಬಿಟ್ಟಿತು. ಮುಂದಿನ ಹಾಳೆಯ ನೆತ್ತಿಯ ಮೇಲೆ ಕೆಂಪು ಮಸಿಯಲ್ಲಿ ಲಕ್ಷ್ಮಿ ಬಂದಳು. ಸಾಬರು ಹೇಳಿದ್ದು ಸುಳ್ಳಾಗಲಿಲ್ಲ. ಸ್ಟೇಷನ್ನಿನಲ್ಲಿ ವಡೆ ಕಟ್ಟುವ ಕಾಗದದಲ್ಲಿ ನಮ್ಮ ಹಾಳೆ ಕಾಣುವುದು ನಿಂತೇ ಹೋಯಿತು. ಅವರು ಹುಡುಗರ ಹಾಗೆ ಖುಷಿಪಟ್ಟರು. ದಿನಾ ಸ್ಟೇಷನ್ನಿಗೆ ಹೋಗಿ ವಡೆ ತಿಂದು ಬರುತ್ತಿದ್ದರು, ಕಾಗದ ನೋಡುವುದಕ್ಕೋಸ್ಕರ.

ಆ ವರ್ಷದ ಮಳೆಗಾಲದಲ್ಲಿ ಚಳಿಜ್ವರ ಜೋರಾಯಿತು. ನಾಲೆ ಬಂದ ಮೇಲೆ ಗದ್ದೆಗೆ ನೀರು ಬಂದಂತೆ ಸೊಳ್ಳೆಯೂ ಬಂದಿತ್ತು. ಊರಿಗೆ ಊರೇ ಕಂಬಳಿ ಹೊದ್ದು ನಡುಗುತ್ತಿತ್ತು. ಅವರು ಎಲ್ಲೆಲ್ಲೋ ಓಡಾಡಿ, ಯಾರ್‍ಯಾರನ್ನೋ ಕಾಡಿ ಬೇಡಿ, ಸಂಘಕ್ಕೆ ಕ್ವಿನೈನು ಮಾತ್ರೆಗಳ ಡಬ್ಬಗಳನ್ನು ತರಿಸಿದರು. ಅದನ್ನು ಹಾಳೆಯಲ್ಲಿ ಪ್ರಕಟಿಸಿದೆವು. ಶುಕ್ರವಾರ ಬೆಳಿಗ್ಗೆ ಹಾಳೆ ಊರುಗಳಿಗೆ ಹೋಯಿತು. ನಾವು ಆಫೀಸಿನಲ್ಲಿ ಡಬ್ಬ ತೆರೆದುಕೊಂಡು ಕೂತೆವು. ಪೇಟೆಯ ಕೆಲವರು ಬಂದರು. ಹಳ್ಳಿಗಳಿಂದ ಬಂದವರು ಇಲ್ಲವೆನ್ನುವಷ್ಟು ಕಡಿಮೆ.

"ಜನಕ್ಕೆ ಮಾತ್ರೆ ಅಂದರೆ ಭಯ, ಸಾರ್," ಎಂದೆ ನಾನು. ಅವರೂ ಹಾಗೇ ಅಂದುಕೊಂಡರು.

ಕೆಲವು ವಾರಗಳ ಮೇಲೆ ಗೆಜ್ಜಲಗೆರೆಯಿಂದ ಸುದ್ದಿ ಬಂತು. ನಮ್ಮ ಸದಸ್ಯ ಮರಿಗೌಡ ಎಂಬ ಹರೆಯದ ರೈತ ಜ್ವರದಲ್ಲಿ ತೀರಿಹೋಗಿದ್ದ. ಕಷಾಯ ಕುಡಿಸಿದ್ದರಂತೆ, ಹರಕೆ ಕಟ್ಟಿದ್ದರಂತೆ. ಕಡೆಗೆ ಆಸ್ಪತ್ರೆಗೆ ಎಂದು ಗಾಡಿ ಕಟ್ಟುವ ಹೊತ್ತಿಗೆ ಮೀರಿತ್ತು. ತಿಥಿ ಕಳೆದ ಮೇಲೆ ಮಾತನಾಡಿಸಿ ಬರೋಣವೆಂದು ನಾವಿಬ್ಬರೂ ಹೋದೆವು.

ಮರಿಗೌಡನ ತಾಯಿ ನಿಂಗಮ್ಮ ಹಜಾರದ ಕಂಬಕ್ಕೆ ಒರಗಿ ಕೂತಿದ್ದಳು. ಸೊಸೆ ಒಳಗೆ ಮಗುವಿಗೆ ಹಾಲೂಡುತ್ತಿದ್ದಳು. ಅವರು ಏನೋ ಸಮಾಧಾನದ ಮಾತು ಹೇಳಲು ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಅವರ ಕಣ್ಣು ಹೋದ ಕಡೆ ನಾನೂ ನೋಡಿದೆ. ಗೋಡೆಯಲ್ಲಿ ದೇವರ ಗೂಡು. ಗೂಡಿನಲ್ಲಿ ದೀಪ. ದೀಪದ ಹಿಂದೆ ನಮ್ಮ ಹಾಳೆ. ಲಕ್ಷ್ಮಿಯ ಹಣೆಗೆ ಅರಿಶಿನ ಕುಂಕುಮ ಇಟ್ಟಿತ್ತು. ಒಣಗಿದ ಕನಕಾಂಬರದ ಎಸಳುಗಳು ಕೆಳಗೆ ಉದುರಿದ್ದವು.

"ಇದನ್ನ ಯಾರೂ ಓದಲಿಲ್ಲವೇನಮ್ಮ?" ಎಂದು ಕೇಳಿದರು. ದನಿ ಅವರದೆಂದು ಅನ್ನಿಸಲಿಲ್ಲ.

"ದ್ಯಾವ್ರ ಪಟ ಅಲ್ವಾ ಬುದ್ದಿ," ಎಂದಳು ನಿಂಗಮ್ಮ. "ಸುಕ್ರವಾರ ಒತ್ತಾರೆ ಬಾಗ್ಲಿಗೆ ಬಂತು. ಲಕ್ಸ್ಮಿ ತಾನಾಗೇ ಮನೆಗ್ ಬಂದವ್ಳೆ ಅಂದ್ಕಂಡೆ. ಮರಿ ಓದ್ತೀನಿ ಕೊಡವ್ವ ಅಂದ. ಉಣ್ತಾ ಕುಂತಿದ್ದ. ಎಂಜಲ್ ಕೈಲಿ ಮುಟ್ಬ್ಯಾಡ ಕಣ್ಲಾ ಅಂತ ನಾನೇ ಕಿತ್ಕಂಡು ಗೂಡಲ್ಲಿ ಇಕ್ದೆ. ಆಮ್ಯಾಕೆ ಅವ್ನೂ ಮರ್ತ, ನಾನೂ ಮರ್ತೆ." ಗೂಡಿನ ಕಡೆ ತಿರುಗಿ ಕೇಳಿದಳು: "ಅದ್ರಲ್ಲಿ ಏನಿತ್ತು ಬುದ್ದಿ?"

ಏನಿಲ್ಲ ತಾಯಿ, ಸಂಘದ ಲೆಕ್ಕಪತ್ರ ಎಂದು ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಹೇಳಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ರುಮಾಲು ತೆಗೆದು ಪಕ್ಕಕ್ಕಿಟ್ಟು, ಗೂಡಿನಿಂದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅವಳೆದುರು ನೆಲದ ಮೇಲೆ ಕೂತು ಓದತೊಡಗಿದರು. ಮೊದಲಿನಿಂದ, ಅಧ್ಯಕ್ಷರ ಭಾಷಣದಿಂದ.

ನಮ್ಮ ಕಡೆ ಯಾರಾದರೂ ಕತೆ ಹೇಳಿದರೆ ಎದುರು ಕೂತವರು ಹೂಂಗುಟ್ಟಬೇಕು. ಹೂಂ ಬೀಳುತ್ತಿದ್ದರೆ ಕತೆ ಮುಂದೆ ಸಾಗುತ್ತದೆ, ನಿಂತರೆ ಹೇಳುವವರೂ ನಿಲ್ಲಿಸುತ್ತಾರೆ. ನಿಂಗಮ್ಮ ಆ ಅಭ್ಯಾಸದಿಂದಲೇ ಮೊದಲ ಸಾಲಿಗೆ "ಊಂ" ಅಂದಳು. ಎರಡನೆಯದಕ್ಕೂ ಅಂದಳು. ಮೂರನೆಯ ಸಾಲಿಗೆ ಅದು ನಿಂತುಹೋಯಿತು. ಅವರು ಓದುತ್ತಲೇ ಹೋದರು. ಭಾಷಣ ಮುಗಿಯಿತು, ಸಂಪಾದಕೀಯ ಮುಗಿಯಿತು, ಮನೆಯಲ್ಲಿ ಅವರ ದನಿ ಒಂದೇ. ಕಡೆಗೆ ಹಿಂದಿನ ಪುಟದ ಬುಡಕ್ಕೆ ಬಂದರು. "ಶೀತಜ್ವರಪೀಡಿತ ಸದಸ್ಯರು ಕಾರ್ಯಾಲಯದಿಂದ ಗುಳಿಕೆಗಳನ್ನು ವಿನಾಮೂಲ್ಯವಾಗಿ ಪಡೆದು ಸೇವಿಸತಕ್ಕದ್ದೆಂದು..."

"ಅಂಗಂದ್ರೆ ಏನ್ ಬುದ್ದಿ?"

ಅವರು ಹಾಳೆಯನ್ನು ಮಡಿಲಲ್ಲಿಟ್ಟುಕೊಂಡರು. "ಚಳಿಜ್ವರ ಬಂದರೆ ಸಂಘಕ್ಕೆ ಬನ್ನಿ, ಮಾತ್ರೆ ಸುಮ್ಮನೆ ಕೊಡ್ತೀವಿ ಅಂತ."

ಒಳಗೆ ಮಗು ನಿದ್ದೆ ಹೋಗಿತ್ತು. ನಿಂಗಮ್ಮ ಅವರ ಮುಖವನ್ನೇ ನೋಡುತ್ತಿದ್ದಳು.

"ಇಷ್ಟೇಯಾ?" ಎಂದಳು. "ಇಷ್ಟನ್ನ ನೀವೀಗ ಏಳಿದ್ರಲ್ಲ, ಅಂಗೇ ಬರೀಬೌದಿತ್ತಲ್ಲ ಬುದ್ದಿ."

"ಬರೀಬಹುದಿತ್ತು ತಾಯಿ. ನಾನು ಬರೀಲಿಲ್ಲ. ಪಟ ಹಾಕಿಸಿದ್ದೂ ನಾನೇ."

ನಿಂಗಮ್ಮ ಬಯ್ಯಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ. "ಕಿತ್ಕಂಡೋಳು ನಾನು," ಎಂದಳು. ಇಬ್ಬರೂ ಆ ಹಾಳೆಯ ಆ ಕಡೆ ಈ ಕಡೆ ಕೂತಿದ್ದರು. ನನಗೆ ಅಲ್ಲಿ ನಿಲ್ಲಲಾಗದೆ ಹೊರಗೆ ಬಂದು ಕೊಟ್ಟಿಗೆಯ ಹತ್ತಿರ ನಿಂತುಕೊಂಡೆ.

ಮದ್ದೂರಿಗೆ ನಡೆದುಕೊಂಡೇ ಬಂದೆವು. ಅವರು ರುಮಾಲನ್ನು ಅಲ್ಲೇ ಮರೆತು ಬಂದಿದ್ದರು. ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ.

ಮರುದಿನ ಪ್ರೆಸ್ಸಿಗೆ ಹೋಗಿ, "ಸಾಬರೇ, ಈ ಬ್ಲಾಕು ಮದುವೆಗೇ ಇರಲಿ," ಎಂದರು. ಹಾಳೆಯಿಂದ ಲಕ್ಷ್ಮಿ ಹೋದಳು. ಉದ್ದನೆಯ ಹೆಸರು ಹೋಯಿತು. ಸಂಪಾದಕರ ಹೆಸರೂ ಬಿ.ಎ.ಯೂ ಹೋದವು. "ಬರೆದವನು ಯಾರು ಅಂತ ತಿಳಿದುಕೊಂಡು ಜ್ವರದವನಿಗೆ ಆಗಬೇಕಾದ್ದೇನು?" ಎಂದರು. ಅವತ್ತಿನಿಂದ ಕಡೆಯವರೆಗೂ ಅವರ ಹೆಸರು ಹಾಳೆಯಲ್ಲಿ ಬರಲಿಲ್ಲ. ಅದಕ್ಕೇ ನಾನೂ ಇಲ್ಲಿ ಬರೆಯುತ್ತಿಲ್ಲ.

ಮುಂದಿನ ಹಾಳೆ ಬರೆದು ಮುಗಿದಾಗ, ಪ್ರೆಸ್ಸಿಗೆ ಹೋಗುವ ಬದಲು ನನ್ನನ್ನು ಕರೆದುಕೊಂಡು ಗೆಜ್ಜಲಗೆರೆಗೆ ಹೊರಟರು. ನಿಂಗಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ರುಮಾಲನ್ನು ಮಡಿಸಿ ಎತ್ತಿಟ್ಟಿದ್ದಳು, ತಂದುಕೊಟ್ಟಳು.

"ನಾನು ಬರೆದಿರೋದನ್ನ ಓದ್ತೀನಿ. ಕತೆ ಕೇಳೋ ಹಾಗೆ ಕೇಳು ತಾಯಿ. ಬೇಡ ಅಂದರೆ ಹೇಳಿಬಿಡು, ಇನ್ನು ಈ ಬಾಗಿಲಿಗೆ ಬರೋದಿಲ್ಲ," ಎಂದರು.

ಅವಳು ಮೊರ ಕೊಡವುತ್ತಲೇ ಇದ್ದಳು. ಹೊಟ್ಟು ಹಾರಿ ಅವರ ಕೋಟಿನ ಮೇಲೆ ಕೂತಿತು. ಇನ್ನೇನು ನಾವು ಎದ್ದು ಹೊರಡಬೇಕು, ಆಗ ಹೇಳಿದಳು: "ಓದಿ. ಇನ್ನೊಬ್ರ ಮನೆ ಗೂಡ್ ಸೇರೋದ್ ಬ್ಯಾಡ."

ಆಮೇಲೆ ಅದೇ ನಮ್ಮ ಪದ್ಧತಿಯಾಯಿತು. ಬರೆಯುವುದು, ಗೆಜ್ಜಲಗೆರೆಗೆ ಹೋಗುವುದು, ಓದುವುದು. ಅವಳು ಕೆಲಸ ನಿಲ್ಲಿಸುತ್ತಿರಲಿಲ್ಲ, ಅವರೂ ನಿಲ್ಲಿಸು ಎನ್ನುತ್ತಿರಲಿಲ್ಲ. "ಕೈ ಖಾಲಿ ಇರೋನು ಏನು ಕೊಟ್ಟರೂ ಕೇಳ್ತಾನಯ್ಯ. ಕೈ ತುಂಬ ಕೆಲಸ ಇರೋವಳು ಹೂಂ ಅಂದರೆ ಆಗ ಬರೆದದ್ದು ನೆಟ್ಟಗಿದೆ ಅಂತ." ಹೂಂ ತಪ್ಪಿದ ಸಾಲನ್ನು ಗುರುತು ಹಾಕಿಕೊಳ್ಳಲು ಮೊದಲ ಸಲ ಪೆನ್ಸಿಲು ತೆಗೆದಿದ್ದರು. ನಿಂಗಮ್ಮ ಗಾಬರಿಯಾಗಿ, "ನನ್ ತಪ್ಪೇನಾರ ಬರ್ಕತಾ ಇದ್ದೀರಾ ಬುದ್ದಿ?" ಎಂದಳು. ಆವತ್ತಿನಿಂದ ಪೆನ್ಸಿಲು ಮುಟ್ಟಲಿಲ್ಲ. ಓದುತ್ತಾ ಓದುತ್ತಾ ಹೂಂ ಬೀಳದ ಕಡೆ ಹೆಬ್ಬೆರಳಿನ ಉಗುರನ್ನು ಕಾಗದದ ಮೇಲೆ ಒತ್ತುತ್ತಿದ್ದರು. ಅಲ್ಲೊಂದು ಗೀರು ಬೀಳುತ್ತಿತ್ತು. ಆಫೀಸಿಗೆ ಬಂದು ಕಾಗದವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ಗೀರಿದ್ದ ಸಾಲುಗಳನ್ನೆಲ್ಲ ಹೊಡೆದುಹಾಕುತ್ತಿದ್ದರು. ಒಂದೊಂದು ಸಲ ಮುಕ್ಕಾಲು ಪಾಲು ಹೋಗಿಬಿಡುತ್ತಿತ್ತು.

ಹಾಗೆ ಹೊಡೆದುಹಾಕುವುದು ಅವರಿಗೆ ಸುಲಭವೆಂದು ಯಾರೂ ತಿಳಿಯಬಾರದು. ಒಮ್ಮೆ ಒಂದು ಒಳ್ಳೆಯ ವಾಕ್ಯದ ಮೇಲೆ ಗೆರೆ ಎಳೆದು ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು. "ನನಗೆ ಈ ಮಾತುಗಳು ಇಷ್ಟ ಕಣಯ್ಯ. ಈಗಲೂ ಇಷ್ಟ," ಎಂದರು. ಅಂಥ ಮಾತನ್ನು ಅವರು ಆಡಿದ್ದು ಅದೊಂದೇ ಸಲ. ನಾನು ನಸ್ಯದ ಡಬ್ಬಿ ಮುಂದಕ್ಕೆ ತಳ್ಳಿದೆ.

ನನ್ನ ಕೈಯಲ್ಲೂ ಬರೆಸತೊಡಗಿದರು. ಮೆಚ್ಚಿದ್ದು ಅಷ್ಟಕ್ಕಷ್ಟೆ. ಸಿಟ್ಟಿನ ಮನುಷ್ಯ. ಹಿಡಿಸದಿದ್ದರೆ ಕಾಗದವನ್ನು ಮೇಜಿನ ಮೇಲಿಂದ ಹಾಗೇ ಕೆಳಕ್ಕೆ ಜಾರಿಸಿಬಿಡುತ್ತಿದ್ದರು, ಬಾಗಿ ಎತ್ತಿಕೊಳ್ಳಬೇಕಾದವನು ನಾನು. ನನಗೆ ಮದುವೆಯಾಗಿದೆ ಎಂದು ಅವರಿಗೆ ಗೊತ್ತಾದದ್ದೇ ಮಗುವಾದ ಮೇಲೆ. ಆದರೆ ನಾಲೆ ದುರಸ್ತಿಯ ಬಗ್ಗೆ ನಾನು ಉದ್ದವಾಗಿ ಬರೆದುಕೊಂಡು ಹೋದ ದಿನ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ.

"ಯಾರಿಗೆ ಬರೆದೆ ಇದನ್ನ?"

"ಸದಸ್ಯರಿಗೆ, ಸಾರ್."

"ಸದಸ್ಯರು ಅಂದರೆ ಯಾರೂ ಅಲ್ಲ. ಒಲೆ ಮೇಲೆ ಹಾಲಿಟ್ಟು ಬಾಗಿಲಿಗೆ ಬಂದಿದ್ದಾಳಲ್ಲ, ಅವಳಿಗೆ ಬರಿ. ಹಾಲು ಉಕ್ಕೋದರೊಳಗೆ ಹೇಳಿ ಮುಗಿಸಬೇಕು. ನಾಲೆಗೆ ನೀರು ಯಾವತ್ತು ನಿಲ್ಲುತ್ತೆ ಅನ್ನೋದು ನಿನ್ನ ಹದಿನಾಲ್ಕನೇ ಸಾಲಿನಲ್ಲಿದೆ. ಅಷ್ಟು ಹೊತ್ತಿಗೆ ಅವಳ ಹಾಲು ಒಲೆ ಪಾಲು."

ಹಾಳೆ ಓದಿದಿರಾ ಎಂದು ಅವರು ಯಾರನ್ನೂ ಕೇಳುತ್ತಿರಲಿಲ್ಲ. "ಕೇಳಿದರೆ ಹೌದು ಬುದ್ಧಿ ಅಂತಾರೆ. ಮರ್ಯಾದೆಗೆ." ಕೇಳುವ ಬದಲು ಹಾಳೆ ಎಲ್ಲಿದೆ ಎಂದು ನೋಡುತ್ತಿದ್ದರು. ಊರೊಳಗೆ ಹೊಕ್ಕರೆ ಅವರ ಕಣ್ಣು ಸೂರಿನ ಕಡೆಗೇ. ಹೆಂಚಿನ ಸಂದಿಯಲ್ಲಿ ನಾಲ್ಕು ಮಡಿಕೆಯಾಗಿ ಸಿಕ್ಕಿಸಿಟ್ಟಿದ್ದರೆ ಅವರಿಗೆ ತೃಪ್ತಿ. ಅದು ಮತ್ತೆ ಮತ್ತೆ ತೆಗೆದು ನೋಡುವ ಜಾಗ. ದೇವರ ಗೂಡಿನಲ್ಲಿ ಕಂಡರೆ ಮಾತ್ರ ಮುಖ ಕಪ್ಪಿಡುತ್ತಿತ್ತು. ಪಟ ಹೋದ ಮೇಲೂ ಕೆಲವು ಮನೆಯವರು ಅಭ್ಯಾಸಬಲದಿಂದ ಅಲ್ಲೇ ಇಡುತ್ತಿದ್ದರು. ಅವರು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೈಯಾರೆ ತೆಗೆದು, ಮನೆಯವರ ಕೈಗೆ ಕೊಟ್ಟು, "ಇದು ದೇವರಲ್ಲಪ್ಪ, ಓದೋದು," ಎಂದು ಹೇಳಿ ಬರುತ್ತಿದ್ದರು.

ಊರಿನವರ ಹೆಸರುಗಳು ಹಾಳೆಗೆ ಬಂದದ್ದೂ ಆಗಲೇ. ಯಾರ ಗದ್ದೆಯಲ್ಲಿ ಹೊಸ ತಳಿ ಚೆನ್ನಾಗಿ ತೆನೆ ಕಟ್ಟಿದೆ, ಯಾರ ಎತ್ತು ಕಾಲುಬಾಯಿ ರೋಗದಿಂದ ಎದ್ದಿತು, ಏನು ಮಾಡಿದ್ದಕ್ಕೆ ಎದ್ದಿತು, ಇದನ್ನೆಲ್ಲ ಅಪ್ಪನ ಹೆಸರು, ಹೊಲದ ಹೆಸರಿನ ಸಮೇತ ಹಾಕುತ್ತಿದ್ದರು. "ತನ್ನ ಹೆಸರಿರೋ ಕಾಗದದಲ್ಲಿ ಯಾರೂ ವಡೆ ಕಟ್ಟೋದಿಲ್ಲ. ಪಕ್ಕದ ಮನೆಯವನ ಹೆಸರಿದ್ದರಂತೂ ಎರಡು ಸಲ ಓದ್ತಾನೆ," ಎನ್ನುತ್ತಿದ್ದರು.

ಇಷ್ಟಕ್ಕೆಲ್ಲ ಬೆಲೆ ತೆರಬೇಕಾಯಿತು. ತಮ್ಮ ಭಾಷಣ ಹಾಳೆಯಲ್ಲಿ ಬರುತ್ತಿಲ್ಲವೆಂದು ಅಧ್ಯಕ್ಷರು ಗರಂ ಆದರು. ದೊಡ್ಡ ಜಮೀನಿನ ಗೌಡರು, ಕೆಟ್ಟವರಲ್ಲ, ಮಾತು ಸ್ವಲ್ಪ ಜಾಸ್ತಿ. "ಏನ್ರೀ, ನನ್ ಸಂಘದ್ ಆಳೇಲಿ ನನಗೇ ಜಾಗ ಇಲ್ವೇನ್ರೀ?" ಎಂದು ಆಫೀಸಿಗೇ ಬಂದು ಕೂತರು. ಕೆಲಸಕ್ಕೇ ಸಂಚಕಾರ ಬಂತೆಂದು ನಾನು ಹೆದರಿದೆ. ಇವರು ಶಾಂತವಾಗಿ, "ಜಾಗ ಇದೆ. ಒಂದು ಕಡೆ ಓದಿಸಿ ನೋಡಿ ಹಾಕೋಣ, ಬನ್ನಿ," ಎಂದು ಅವರನ್ನೂ ಜಟಕಾ ಹತ್ತಿಸಿದರು.

ಅಧ್ಯಕ್ಷರೇ ಗಂಟಲು ಸರಿಮಾಡಿಕೊಂಡು ಓದಿದರು. ನಿಂಗಮ್ಮ ಸೌಜನ್ಯಕ್ಕೆ ಒಂದೆರಡು ಹೂಂ ಅಂದು, ಆಮೇಲೆ ಕರು ಹಗ್ಗ ಬಿಚ್ಚಿಕೊಂಡಿತೆಂದು ಎದ್ದು ಹೋದಳು. ತಿರುಗಿ ಬರುವ ಹೊತ್ತಿಗೆ ಅಧ್ಯಕ್ಷರಿಗೆ ಬೇಸರ ಹತ್ತಿ, ಕಾಗದ ಮಡಿಸಿಟ್ಟು, ಗೊಣಗುತ್ತಿದ್ದರು. "ಭಾಸಣ ಅತ್ಲಾಗಿರ್ಲಿ ಬುಡಿ. ನಾಲೆ ಕೊನೇಲಿರೋ ನನ್ ಗದ್ದೆಗೇ ಈ ಸಲ ನೀರ್ ಬಂದಿಲ್ಲ. ಅಧ್ಯಕ್ಸ ಅಂತ ಎಸ್ರಿಗೆ. ಮೇಲ್ಗಡೆಯೋರು ರಾತ್ರೋರಾತ್ರಿ ತೂಬು ಕಿತ್ರೆ ಯಾರ್ ತಾವ ಏಳ್ಕಳಾನ?"

"ಊಂ," ಎಂದಳು ನಿಂಗಮ್ಮ. "ಆಮ್ಯಾಕೆ?"

ಅಧ್ಯಕ್ಷರು ಹೇಳುತ್ತಾ ಹೋದರು, ಅವಳು ಹೂಂಗುಟ್ಟುತ್ತಾ ಹೋದಳು. ಮುಂದಿನ ಹಾಳೆಯ ಮೊದಲ ಸಾಲು 'ಅಧ್ಯಕ್ಷರ ಗದ್ದೆಗೂ ನೀರು ಬಂದಿಲ್ಲ' ಎಂದಿತ್ತು. ಆ ಹಾಳೆಯನ್ನು ಓದದವರೇ ಇರಲಿಲ್ಲ. ತೂಬಿನ ಜಗಳವೊಂದು ಮಾತುಕತೆಗೆ ಬಂತು, ಅಧ್ಯಕ್ಷರು ಹೋದ ಹೋದ ಕಡೆ ಜನ ನಿಲ್ಲಿಸಿ ಮಾತನಾಡಿಸಿದರು. ಅವರು ಮತ್ತೆ ಭಾಷಣದ ಸುದ್ದಿ ಎತ್ತಲಿಲ್ಲ.

ಮಾರನೆಯ ವರ್ಷ ಮಳೆ ಹಿಡಿದು ಮತ್ತೆ ಸೊಳ್ಳೆ ಎದ್ದಾಗ ಅವರಿಗೆ ಊಟ ಸೇರುತ್ತಿರಲಿಲ್ಲ. ಹಾಳೆಯಲ್ಲಿ ಬೇರೇನೂ ಬೇಡ ಎಂದರು. ಸಾಬರ ಪ್ರೆಸ್ಸಿನಲ್ಲಿದ್ದ ಅತಿ ದೊಡ್ಡ ಮೊಳೆಗಳು ನಾಟಕದ ಕಂಪನಿಯ ಹ್ಯಾಂಡ್‌ಬಿಲ್ಲಿಗೆ ಇಟ್ಟಿದ್ದವು. ಅವನ್ನೇ ಜೋಡಿಸಿದರು. 'ಚಳಿ ಹತ್ತಿದರೆ ಅವತ್ತೇ ಬಾ. ಮದ್ದೂರಿನ ಸಂಘದಲ್ಲಿ ಮಾತ್ರೆ ಇದೆ. ದುಡ್ಡು ಬೇಡ. ಓದಲು ಬಾರದವರಿಗೆ ಇದನ್ನು ಓದಿ ಹೇಳು.' ಅಷ್ಟೇ. ಅದನ್ನು ಓದಿ ಹೇಳಲು ಗೆಜ್ಜಲಗೆರೆಗೆ ಹೋದಾಗ ನಾನು ನಿಂಗಮ್ಮನ ಮುಖ ನೋಡಲಾರದೆ ನೆಲ ನೋಡುತ್ತಿದ್ದೆ. ಪ್ರತಿ ಸಾಲಿಗೂ ಅವಳ ಹೂಂ ಬಿತ್ತು. ಕಡೆಯ ಸಾಲಿಗೆ ಮಾತ್ರ ಸ್ವಲ್ಪ ತಡವಾಗಿ ಬಿತ್ತು.

ಹಾಳೆ ಹೋದ ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವ ಹೊತ್ತಿಗೇ ಜಗಲಿಯ ತುಂಬ ಜನ. ಕಂಬಳಿ ಹೊದ್ದವರು, ಮಕ್ಕಳನ್ನು ಹೊತ್ತವರು, ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ಬಂದವರು. ಕೆಲವರ ಕೈಯಲ್ಲಿ ಹಾಳೆ. ಎಲ್ಲರಿಗಿಂತ ಮುಂದೆ ನಿಂಗಮ್ಮ, ಮೈ ಕಾದಿದ್ದ ಮೊಮ್ಮಗನನ್ನು ಸೆರಗಿನಲ್ಲಿ ಸುತ್ತಿಕೊಂಡು. ಅವರು ಮಾತ್ರೆ ಕೊಡುತ್ತಾ ಒಬ್ಬೊಬ್ಬರನ್ನೂ, "ಯಾರು ಓದಿ ಹೇಳಿದರು?" ಎಂದು ಕೇಳುತ್ತಿದ್ದರು. ಸ್ಕೂಲಿಗೆ ಹೋಗೋ ಮಗ, ಬುದ್ಧಿ. ಕ್ಷೌರದಂಗಡಿಯವನು. ಗಾಡಿ ಹೊಡೆಯೋ ಕಾಸಿಂ. ಒಬ್ಬೊಬ್ಬರ ಉತ್ತರಕ್ಕೂ ಅವರೇ "ಹೂಂ, ಹೂಂ" ಎನ್ನುತ್ತಿದ್ದರು. ಅಷ್ಟು ಸಂತೋಷವಾಗಿ ಅವರನ್ನು ನಾನು ಕಂಡದ್ದು ಅವತ್ತೊಂದೇ ದಿನ. ನಿಂಗಮ್ಮನ ಮೊಮ್ಮಗ ಎದ್ದು ಓಡಾಡುವಂತಾದ. ಆದರೆ ಮರಿಗೌಡನ ಮಾತು ಅವರಿಬ್ಬರ ನಡುವೆ ಮತ್ತೆ ಯಾವತ್ತೂ ಬರಲಿಲ್ಲ.

ಯುದ್ಧ ಬೆಳೆದು ಕಾಗದಕ್ಕೆ ಬರ ಬಂತು. ಹಾಳೆ ಅರ್ಧಕ್ಕಿಳಿಯಿತು, ಆಮೇಲೆ ಒಂದೇ ಮಗ್ಗುಲಾಯಿತು. ನಾವು ಗೊಣಗಿದರೆ, "ಒಳ್ಳೇದೇ ಆಯಿತು, ಅಹಂಕಾರಕ್ಕೆ ಜಾಗ ಉಳಿಯಲಿಲ್ಲ," ಎನ್ನುತ್ತಿದ್ದರು. ಸರ್ಕಾರಕ್ಕೆ ಅಳೆದು ಕೊಡಬೇಕಾದ ಧಾನ್ಯದ ಲೆವಿ, ಸೀಮೆಎಣ್ಣೆಯ ರೇಷನ್ನು, ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು. ಆ ವರ್ಷಗಳಲ್ಲಿ ಅವರ ಕೂದಲು ಪೂರ್ತಿ ನರೆಯಿತು, ಕೆಮ್ಮು ಅಂಟಿಕೊಂಡಿತು. ಗೆಜ್ಜಲಗೆರೆಗೆ ನಡೆಯುವುದು ನಿಂತು ಜಟಕಾ ಆಯಿತು, ಆಮೇಲೆ ನನ್ನೊಬ್ಬನನ್ನೇ ಕಳಿಸತೊಡಗಿದರು. ತಿರುಗಿ ಬಂದ ಕೂಡಲೇ ಕಾಗದ ಕಿತ್ತುಕೊಂಡು ಬೆಳಕಿಗೆ ಹಿಡಿದು ನನ್ನ ಉಗುರಿನ ಗೀರುಗಳನ್ನು ಹುಡುಕುತ್ತಿದ್ದರು. ಗೀರಿಲ್ಲದಿದ್ದರೆ ನನ್ನ ಮೇಲೇ ಅನುಮಾನ.

ನಲವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಮಳವಳ್ಳಿಯ ತಮ್ಮ ಮನೆಗೆ ಹೋದವರು ತಿರುಗಿ ಬರಲಿಲ್ಲ. ನಾನು ನೋಡಲು ಹೋದಾಗ ಮಧ್ಯಾಹ್ನ. ನಡುಮನೆಯಲ್ಲಿ ದಿಂಬಿಗೊರಗಿ ಕೂತಿದ್ದರು. ನನ್ನನ್ನು ಕಂಡು ಮೊದಲು ಕೇಳಿದ್ದು, "ಹೋದ ಸಲದ್ದು ಅವಳು ಹೂಂ ಅಂದಳಾ?" ಎಂದು.

"ಅಂದಳು, ಸಾರ್. ಒಂದೇ ಕಡೆ ಬಿಟ್ಟಳು."

"ತೆಗೆದೆಯಾ?"

"ತೆಗೆದೆ."

ಹೊರಡುವಾಗ ಕೈ ಹಿಡಿದುಕೊಂಡರು. ಬೆರಳುಗಳು ಬಿಸಿಯಾಗಿದ್ದವು. "ನೋಡು, ನಾನು ಹೋದ ಮೇಲೆ ಹಾಳೆಯಲ್ಲಿ ದೊಡ್ಡದಾಗಿ ಏನೂ ಹಾಕಬೇಡ. ಹಾಕಲೇಬೇಕು ಅಂತಾದರೆ ಅವಳಿಗೆ ಓದಿ ಹೇಳಿ ಹಾಕು. ಅದಕ್ಕೂ ವಿನಾಯಿತಿ ಇಲ್ಲ." ಅದೇ ಅವರು ನನಗೆ ಹೇಳಿದ ಕಡೆಯ ಮಾತು. ಮದ್ದೂರಿಗೆ ಬರುವ ಬಸ್ಸಿನಲ್ಲಿ ನಾನು ಯಾರಿಗೂ ಕಾಣದ ಹಾಗೆ ಕಿಟಕಿಯ ಕಡೆ ತಿರುಗಿ ಅತ್ತೆ.

ಕೆಲವೇ ದಿನಗಳಲ್ಲಿ ತಂತಿ ಬಂತು. ಸಂಘದವರೆಲ್ಲ ಸೇರಿ ವಿಶೇಷ ಹಾಳೆ ತರೋಣವೆಂದರು. ಇಮಾಂ ಸಾಬರು ಎತ್ತಿಟ್ಟಿದ್ದ ಒಳ್ಳೆಯ ಕಾಗದ ತೆಗೆದುಕೊಟ್ಟರು. ನಾನು ಬರೆಯಲು ಕೂತೆ. ಅವರು ಇಷ್ಟವಿದ್ದೂ ಬಿಟ್ಟುಕೊಟ್ಟಿದ್ದ ಮಾತುಗಳೆಲ್ಲ ನನ್ನ ಕೈಗೆ ಬಂದವು. ತುಂಬಲಾರದ ನಷ್ಟ, ಪುಣ್ಯಜೀವಿ, ಅಜರಾಮರ. ಅಷ್ಟನ್ನೂ ಬರೆದೆ. ಅವರಿಗಾದರೂ ಆ ಮಾತುಗಳು ಸಲ್ಲಲಿ ಎಂದು ನನಗೆ ಆಸೆಯಾಗಿತ್ತು. ಬರೆದು, ಗೆಜ್ಜಲಗೆರೆಗೆ ಹೋದೆ.

ನಿಂಗಮ್ಮನಿಗೆ ಸುದ್ದಿ ಮುಟ್ಟಿತ್ತು. ವಯಸ್ಸಾಗಿ ಬೆನ್ನು ಬಾಗಿದ್ದಳು. ಅವತ್ತು ಅವಳ ಕೈಯಲ್ಲಿ ಮೊರವಿರಲಿಲ್ಲ, ಸುಮ್ಮನೆ ಕೂತಿದ್ದಳು. "ಓದು ಮಗ," ಎಂದಳು.

ಓದಿದೆ. ತುಂಬಲಾರದ ನಷ್ಟಕ್ಕೆ ಹೂಂ ಬೀಳಲಿಲ್ಲ. ಅಜರಾಮರಕ್ಕೂ ಬೀಳಲಿಲ್ಲ. "ಇದು ಯಾರ್ ಇಸ್ಯ ಮಗ?" ಎಂದು ಕೇಳಿದಳು. ನಾನು ಅಲ್ಲೇ ಆ ಕಾಗದವನ್ನು ಬದಿಗಿಟ್ಟು, ಇನ್ನೊಂದು ಕಾಗದದಲ್ಲಿ ನಾಲ್ಕು ಸಾಲು ಬರೆದು ಮತ್ತೆ ಓದಿದೆ.

"ಈ ಹಾಳೆ ಬರೆಯುತ್ತಿದ್ದವರು ಮಳವಳ್ಳಿಯವರು."

"ಊಂ."

"ನಮಗೆ ತಿಳಿಯುವ ಹಾಗೆ ಬರೆಯಬೇಕೆಂದು ಇಲ್ಲಿವರೆಗೂ ನಡೆದು ಬರುತ್ತಿದ್ದರು."

"ಊಂ. ಬತ್ತಿದ್ರು."

"ಒಂದು ಸಲ ತಪ್ಪಿದರು. ಆಮೇಲೆ ತಪ್ಪಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಊಂ," ಎಂದಳು.

"ಅವರು ಸೋಮವಾರ ತೀರಿಕೊಂಡರು."

ಹೂಂ ಬೀಳಲಿಲ್ಲ. ನಾನು ಕಾದೆ. ಹಿತ್ತಲಲ್ಲಿ ಮೊಮ್ಮಗ ಎತ್ತಿಗೆ ನೀರು ಕುಡಿಸುತ್ತಾ ಅದನ್ನು ಗದರಿಸುತ್ತಿದ್ದದ್ದು ಕೇಳಿಸುತ್ತಿತ್ತು. ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಓದಿದೆ. ಆಗಲೂ ಇಲ್ಲ. ವರ್ಷಗಳ ಅಭ್ಯಾಸ, ನನ್ನ ಹೆಬ್ಬೆರಳಿನ ಉಗುರು ತಾನಾಗಿಯೇ ಆ ಸಾಲಿನ ಮೇಲೆ ಒತ್ತಿಬಿಟ್ಟಿತ್ತು.

ನಿಂಗಮ್ಮ ಅದನ್ನು ನೋಡಿದಳು. ನಮ್ಮ ಉಗುರಿನ ಗುಟ್ಟು ಅವಳಿಗೆ ಇಷ್ಟು ದಿನವೂ ಗೊತ್ತಿತ್ತು ಎಂದು ನನಗೆ ತಿಳಿದದ್ದು ಆಗಲೇ.

"ಅದೊಂದ್ ಸಾಲ್ ತಗುದ್ಬುಡು ಮಗ," ಎಂದಳು.

ತೆಗೆಯಲಾಗಲಿಲ್ಲ. ಅವಳ ಹೂಂ ಇಲ್ಲದೆ ನಮ್ಮ ಹಾಳೆಯಲ್ಲಿ ಅಚ್ಚಾದ ಸಾಲು ಅದೊಂದೇ.